ಡ್ರೈವರ್‌ನ ಯಾರೂ ಕೇಳಲಿಲ್ಲ

ಹೋದ ಮಳೆಗಾಲದಲ್ಲಿ ನಮ್ಮ ಮಾವನ ಲಾರಿ ಹುಲಿಕಲ್ ಘಾಟಿ ಹತ್ತಲ್ಲ ಅಂತ ಹಟ ಹಿಡಿದು ನಿಂತಿತು. ಮಾವನ ಮನೆ ಸಾಗರದ ಹತ್ತಿರ, ಕೆಳದಿ ಕಡೆ. ಹೋಗುವಾಗ ಅಡಿಕೆ, ಬರುವಾಗ ಕರಾವಳಿಯಿಂದ ಗೊಬ್ಬರನೋ ಸಿಮೆಂಟೋ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡಲ್ಲ, ಹಾಗಾಗಿ ಹೊಸನಗರ, ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಮೇಲೇ ಓಡಾಟ. ಆ ಏರಿನಲ್ಲಿ ಎಂಜಿನ್ ಮಿಸ್ಸಿಂಗ್ ಹೊಡೆಯೋಕೆ ಶುರುವಾಯ್ತು. ಪಿಕಪ್ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಐದು ನಿಮಿಷ ಬಿಳಿ ಹೊಗೆ, ಇಡೀ ಕ್ಯಾಬಿನ್ ಗಡಗಡ ಅಂತ ನಡುಗೋದು.

ಲಾರಿ ಬಿಎಸ್-4, ಆರು ಸಿಲಿಂಡರ್, ಕಾಮನ್ ರೈಲ್. ಒಂದು ವರ್ಕ್‌ಶಾಪಿಗೆ ತಗೊಂಡು ಹೋದ್ರು. ಸ್ಕ್ಯಾನರ್ ಹಾಕಿದ್ರು, ಕೋಡ್ ಬಂತು: ರೈಲ್ ಪ್ರೆಶರ್ ಕಮ್ಮಿ. ‘ಇಂಜೆಕ್ಟರ್ ಹೋಗಿದೆ’ ಅಂತ ಮೂರು ಬದಲಾಯಿಸಿದ್ರು. ಬಿಲ್ ಐವತ್ತು ಸಾವಿರ ದಾಟಿತು. ಲಾರಿ ಎರಡು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಘಾಟಿಯಲ್ಲಿ ಅದೇ ಥರ ನಿಂತಿತು. ಮೂರು ವಾರ ಬಾಡಿಗೆ ಇಲ್ಲ. ಕಂತು ಮಾತ್ರ ತಪ್ಪದೆ ಬರ್ತಿತ್ತು.

ಕೊನೆಗೆ ಸಾಗರದ ಒಬ್ಬ ಹಳೇ ಮೇಸ್ತ್ರಿ ಹತ್ರ ಹೋದ್ವಿ. ಅವರು ಬಾನೆಟ್ ಕಡೆ ನೋಡ್ಲೇ ಇಲ್ಲ. ಮೊದಲು ಕೇಳಿದ್ದು, ‘ಓಡಿಸೋರು ಯಾರು? ಅವರನ್ನ ಕರೀರಿ.’ ಡ್ರೈವರ್ ಅಣ್ಣ ಬಂದು ಎರಡೇ ಮಾತು ಹೇಳಿದ್ರು: ‘ರಾತ್ರಿ ನಿಂತಿದ್ರೆ ಬೆಳಿಗ್ಗೆ ಜಾಸ್ತಿ. ಟ್ಯಾಂಕ್ ಫುಲ್ ಇದ್ರೆ ಅಷ್ಟು ಗೊತ್ತಾಗಲ್ಲ, ಕಾಲು ಭಾಗಕ್ಕೆ ಇಳಿದ್ರೆ ಘಾಟಿ ಹತ್ತಲ್ಲ.’ ಮಾವ ತಲೆ ಚಚ್ಚಿಕೊಂಡು, ‘ಇದನ್ನ ಮೊದಲೇ ಹೇಳೋದಲ್ವೇನೋ ಮಾರಾಯ’ ಅಂದ್ರು. ಅವರು, ‘ಯಾರೂ ಕೇಳ್ಲಿಲ್ವಲ್ಲ ಅಣ್ಣ’ ಅಂದ್ರು.

ಈಗ ಆ ಎರಡು ಮಾತನ್ನ ನಾವು ಓದಿದ್ದಕ್ಕೆ ಹೊಂದಿಸಿ ನೋಡಿ. ಈ ಎಂಜಿನ್‌ನಲ್ಲಿ ಟ್ಯಾಂಕಿನಿಂದ ಫಿಲ್ಟರ್ ದಾಟಿ ಪಂಪಿನ ತನಕ ಡೀಸೆಲ್ ತಳ್ಳಲ್ಪಡಲ್ಲ, ಎಳೆಯಲ್ಪಡುತ್ತೆ. ಅಂದ್ರೆ ಆ ಪೈಪಿನೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ. ಅಲ್ಲಿ ಸಣ್ಣ ಬಿರುಕು ಬಿಟ್ರೆ ಓಡುವಾಗ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಹಾಗಾಗಿ ನೆಲದ ಮೇಲೆ ಒಂದು ಹನಿನೂ ಕಾಣಲ್ಲ. ಟ್ಯಾಂಕಲ್ಲಿ ಮಟ್ಟ ಇಳಿದಷ್ಟೂ ಹೆಚ್ಚು ಎತ್ತರಕ್ಕೆ ಎಳೀಬೇಕು, ಗಾಳಿ ಜಾಸ್ತಿ ಬರುತ್ತೆ. ಏರಿನಲ್ಲಿ ಹೆಚ್ಚು ಡೀಸೆಲ್ ಬೇಕು, ಆಗಲೂ ಅದೇ ಕತೆ. ರಾತ್ರಿ ನಿಂತ್ರೆ ಡೀಸೆಲ್ ವಾಪಸ್ ಟ್ಯಾಂಕಿಗೆ ಜಾರುತ್ತೆ. ಬೆಳಿಗ್ಗೆ ಪಂಪಿಗೆ ಸಿಗೋದು ಗಾಳಿ, ಹೊರಗೆ ಬರೋದು ಸರಿಯಾಗಿ ಉರಿಯದ ಡೀಸೆಲ್ಲಿನ ಬಿಳಿ ಹೊಗೆ.

ಮೇಸ್ತ್ರಿ ಪಂಪಿಗೆ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿ ಸ್ಟಾರ್ಟ್ ಮಾಡ್ಸಿದ್ರು. ಸೋಡಾ ಬಾಟಲಿ ಥರ ಗುಳ್ಳೆ! ಫಿಲ್ಟರ್‌ಗೆ ಹೋಗೋ ಹೋಸ್ ಕ್ಲಿಪ್ಪಿನ ಕೆಳಗೆ ಸೀಳಿತ್ತು. ಹೊಸ ಹೋಸು, ಎರಡು ಕ್ಲಿಪ್ಪು, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದಿದ್ದು, ಅಷ್ಟೇ. ಖರ್ಚು ಕೆಲವು ನೂರು ರೂಪಾಯಿ.

ಇದನ್ನ ಓದಿ ‘ಹಳೇ ಮೇಸ್ತ್ರಿ ಮುಂದೆ ಸ್ಕ್ಯಾನರ್ ಯಾವ ಲೆಕ್ಕ’ ಅಂತ ಸ್ಟೇಟಸ್ ಹಾಕ್ಬೇಡಿ. ನನ್ನ ವಾದ ಅದಲ್ಲ. ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ, ರೈಲ್ ಪ್ರೆಶರ್ ನಿಜವಾಗಲೂ ಕಮ್ಮಿನೇ ಇತ್ತು. ಆದ್ರೆ ಅದು ಹೇಳೋದು ‘ಏನು’, ‘ಯಾಕೆ’ ಅಲ್ಲ. ಫಿಲ್ಟರ್ ಕಟ್ಟಿದ್ರೂ, ಗಾಳಿ ಎಳೆದ್ರೂ, ಪಂಪ್ ಸವೆದ್ರೂ, ಇಂಜೆಕ್ಟರ್ ರಿಟರ್ನ್ ಜಾಸ್ತಿ ಆದ್ರೂ ಅದೇ ಕೋಡ್ ಬರಬಹುದು. ಇಂಜೆಕ್ಟರ್ ಮೇಲೆ ಅನುಮಾನ ಇದ್ರೆ ಆರರ ರಿಟರ್ನ್ ಪೈಪನ್ನೂ ಆರು ಬಾಟಲಿಗೆ ಬಿಟ್ಟು ಯಾವುದರಲ್ಲಿ ಜಾಸ್ತಿ ತುಂಬುತ್ತೆ ಅಂತ ನೋಡಬಹುದಿತ್ತು. ಅರ್ಧ ಗಂಟೆ ಕೆಲಸ.

ಹಳೇ ವಿದ್ಯೆಯನ್ನ ಕಣ್ಣುಮುಚ್ಚಿ ನಂಬೋದೂ ಅಪಾಯ. ಹಳೇ ಇನ್‌ಲೈನ್ ಪಂಪಿನ ಲಾರಿಗಳಲ್ಲಿ ಎಂಜಿನ್ ಓಡ್ತಿರುವಾಗಲೇ ನಾಝಲ್ ಪೈಪಿನ ನಟ್ ಒಂದೊಂದಾಗಿ ಸಡಿಲ ಮಾಡ್ತಿದ್ರು. ಸಡಿಲ ಮಾಡಿದಾಗ ಸದ್ದು ಬದಲಾದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿದೆ, ಬದಲಾಗದಿದ್ರೆ ಅದೇ ಕಳ್ಳ. ಇದನ್ನೇ ಕಾಮನ್ ರೈಲ್‌ನಲ್ಲಿ ಮಾಡಿದ್ರೆ ಸಾವಿರ ಬಾರ್ ದಾಟಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ, ಕೈ ಕಳ್ಕೋಬೇಕಾಗುತ್ತೆ. ಅಲ್ಲಿ ಸ್ಕ್ಯಾನರ್‌ನಿಂದಲೇ ಒಂದೊಂದು ಸಿಲಿಂಡರ್ ಕಟ್ ಮಾಡಬೇಕು. ಉಪಕರಣ ಬೇರೆ, ಯೋಚನೆ ಒಂದೇ: ಒಂದು ಸಲಕ್ಕೆ ಒಂದನ್ನ ಮಾತ್ರ ಬದಲಾಯಿಸು, ಏನಾಗುತ್ತೆ ನೋಡು.

ಈ ಯೋಚನೆ ಎಲ್ಲೋ ಕೇಳಿದ ಹಾಗಿದೆಯಾ? ಅದೇ ನಮ್ಮ ಲ್ಯಾಬಿನ ಮೋರ್ಸ್ ಟೆಸ್ಟ್. ಒಂದು ಸಿಲಿಂಡರ್ ಕಟ್ ಮಾಡಿ, ಲೋಡ್ ಇಳಿಸಿ ಸ್ಪೀಡ್ ಮೊದಲಿನಷ್ಟೇ ತಂದು, ಬ್ರೇಕ್ ಪವರ್ ಎಷ್ಟು ಕಮ್ಮಿ ಆಯ್ತು ಅಂತ ಬರೀತೀವಿ. ನಾನೂ ಬರೆದೆ. ರೀಡಿಂಗ್ ಪಕ್ಕದ ಬ್ಯಾಚಿಂದು, ಗ್ರಾಫ್ ಮಾತ್ರ ನಂದು. ವೈವಾದಲ್ಲಿ ಫಾರ್ಮುಲಾ ಹೇಳಿದೆ. ಮೇಸ್ತ್ರಿ ನಟ್ ಸಡಿಲ ಮಾಡೋ ಕತೆ ಹೇಳುವ ತನಕ ಇದು ರೋಗ ಹುಡುಕೋ ವಿಧಾನ ಅಂತ ನನಗೆ ಹೊಳೆದೇ ಇರಲಿಲ್ಲ.

ಇನ್ನೊಂದು ಸಣ್ಣ ಲೆಕ್ಕ. ಆರು ಸಿಲಿಂಡರ್ ಫೋರ್ ಸ್ಟ್ರೋಕ್ ಎಂಜಿನ್ 600 ಆರ್‌ಪಿಎಂನಲ್ಲಿ ಐಡ್ಲಿಂಗ್ ಇದೆ ಅನ್ಕೊಳ್ಳಿ. ಪ್ರತಿ ಸಿಲಿಂಡರ್ ಸೆಕೆಂಡಿಗೆ 5 ಸಲ, ಒಟ್ಟು 30 ಸಲ ಫೈರ್ ಆಗುತ್ತೆ. ಒಂದೇ ಸಿಲಿಂಡರ್ ಸತ್ತಿದ್ರೆ ಸೆಕೆಂಡಿಗೆ 5 ಸಲ, ತಾಳ ತಪ್ಪದೆ ಎಡವುತ್ತೆ. ತಾಳನೇ ಇಲ್ಲದೆ ಎಡವಿದ್ರೆ ಮೊದಲು ನೋಡಬೇಕಾದ್ದು ಎಲ್ಲ ಸಿಲಿಂಡರ್‌ಗೂ ಸೇರಿದ ಗಾಳಿ, ಡೀಸೆಲ್, ಪ್ರೆಶರ್. ಮೇಸ್ತ್ರಿಗಳ ‘ಕಿವಿ’ ಅಂದ್ರೆ ಇಷ್ಟೇ. ಇದರಲ್ಲಿ ಪವಾಡ ಏನಿಲ್ಲ, ನಮಗೂ ಕಲಿಸಬಹುದು.

ಹಾಗಾಗಿ ನನ್ನ ಬೇಡಿಕೆ ಒಂದೇ. ಸೆಮಿಸ್ಟರಿಗೆ ಒಂದು ಮಧ್ಯಾಹ್ನ, ಲ್ಯಾಬ್ ಎಂಜಿನ್‌ನಲ್ಲಿ ಬೇಕಂತಲೇ ಒಂದು ದೋಷ ಇಡಿ. ಒಂದು ಕ್ಲಿಪ್ ಸಡಿಲ, ಒಂದು ಫಿಲ್ಟರ್ ಕಟ್ಟಿದ್ದು, ಏನಾದ್ರೂ ಸರಿ. ಒಬ್ಬರು ಡ್ರೈವರ್ ಆಗಲಿ, ನಾವು ಕೇಳಿದ್ರೆ ಮಾತ್ರ ಉತ್ತರ ಹೇಳಲಿ. ಒಂದೇ ಒಂದು ಪಾರ್ಟ್ ಬದಲಾಯಿಸೋ ಅವಕಾಶ, ಅದೂ ‘ಯಾಕೆ’ ಅಂತ ಬರೆದ ಮೇಲೆ. ತಪ್ಪಾದ್ರೆ ಮಾರ್ಕ್ಸ್ ಕಟ್. ನಾವು ಕಳ್ಕೊಳ್ಳೋದು ಎರಡು ಮಾರ್ಕ್ಸ್, ಮಾವ ಕಳ್ಕೊಂಡಿದ್ದು ಐವತ್ತು ಸಾವಿರ ಮತ್ತು ಮೂರು ವಾರ.

ಲ್ಯಾಬ್ ಇನ್‌ಚಾರ್ಜ್ ಸರ್, ಇದನ್ನ ಓದ್ತಿದ್ರೆ ದಯವಿಟ್ಟು ಯೋಚನೆ ಮಾಡಿ. ಪಾರದರ್ಶಕ ಪೈಪ್ ನಾನೇ ತರ್ತೀನಿ. ಮೋರ್ಸ್ ಟೆಸ್ಟಿನ ರೀಡಿಂಗ್ ವಿಷಯ ಮಾತ್ರ ಮರೆತುಬಿಡಿ.