ಗಾಡಿ ಕೊಟ್ಟಿರಿ, ದಾರಿ ಎಲ್ಲಿ?

ಹೆಸರು ಬದಲಿಸುವುದಕ್ಕೆ ನಮ್ಮಲ್ಲಿ ಬಡತನವಿಲ್ಲ. ನಾನು ಸಣ್ಣಾಕೆಯಿದ್ದಾಗ ಕುಂಟ, ಕುರುಡ ಎಂದೇ ಕೂಗುತ್ತಿದ್ದರು. ಅದು ತಪ್ಪೆಂದು ‘ಅಂಗವಿಕಲ’ ಬಂತು. ಅದೂ ಚುಚ್ಚುತ್ತದೆಂದು ‘ವಿಕಲಚೇತನ’ ಬಂತು. ಈಗ ಸಭೆಗಳಲ್ಲಿ ‘ವಿಶೇಷಚೇತನ’ ಎನ್ನುತ್ತಾರೆ. ದಿಲ್ಲಿಯಿಂದ ‘ದಿವ್ಯಾಂಗ’ ಎಂಬುದೂ ಇಳಿದುಬಂದಿದೆ. ಒಳ್ಳೆಯ ಮಾತು ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಹೆಸರು ಇಷ್ಟು ಸಲ ಬದಲಾದ ಅವಧಿಯಲ್ಲಿ ಅವರ ಮನೆಯ ಮುಂದಿನ ಗಟಾರದ ಒಡೆದ ಕಲ್ಲು ಒಂದು ಸಲವಾದರೂ ಬದಲಾಯಿತೇ? ನನ್ನ ತಕರಾರು ಇಷ್ಟೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಮೂವತ್ತು ವರ್ಷದ ನೌಕರಿಯಲ್ಲಿ ವರ್ಗಾವಣೆ, ತರಬೇತಿ, ಪರೀಕ್ಷೆ, ಚುನಾವಣೆ ಕೆಲಸವೆಂದು ಈ ನಾಲ್ಕೂ ಊರುಗಳ ಬೀದಿ ತುಳಿದವಳು ನಾನು. ಇಲ್ಲಿ ಫುಟ್‌ಪಾತ್ ಎಂದರೆ ಬಹಳ ಕಡೆ ಗಟಾರದ ಮೇಲೆ ಮುಚ್ಚಿದ ಕಲ್ಲು. ನಮ್ಮದು ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ಬುನಾದಿಯಿಲ್ಲದೆ ಹಾಸಿದ ಕಲ್ಲು ಎರಡು ಮಳೆಗಾಲದಲ್ಲಿ ವಾಲುತ್ತದೆ. ರಸ್ತೆಯನ್ನು ಅಗೆದು ಹೊಸದಾಗಿ ಹಾಕುವ ಬದಲು ಡಾಂಬರಿನ ಮೇಲೆ ಡಾಂಬರು, ಕಾಂಕ್ರೀಟಿನ ಮೇಲೆ ಕಾಂಕ್ರೀಟು ಸುರಿಯುತ್ತಾರೆ. ರಸ್ತೆ ಏರಿತು, ಮನೆ ತಗ್ಗಾಯಿತು. ಮಳೆನೀರು ಒಳಗೆ ಬರುತ್ತದೆಂದು ಮನೆಯವರು ಹೊಸ್ತಿಲು ಏರಿಸಿ, ಮೆಟ್ಟಿಲನ್ನು ಬೀದಿಗೆ ಚಾಚಿದರು. ಆ ಮೆಟ್ಟಿಲ ಪಕ್ಕ ಮೋಟರ್‌ಸೈಕಲ್ಲು, ಅದರಾಚೆ ಅಂಗಡಿಯ ತಗಡು, ಅದರಾಚೆ ಕರೆಂಟಿನ ಕಂಬ. ಕಾಲು ಗಟ್ಟಿ ಇದ್ದವರು ಕೆಳಗಿಳಿದು ನಡುರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಪಕ್ಕ ನಡೆಯುತ್ತೇವೆ. ಊರುಗೋಲಿನವಳು, ಗಾಲಿಕುರ್ಚಿಯವಳು ಏನು ಮಾಡಬೇಕು? ಮನೆಯಲ್ಲಿ ಕೂಡಬೇಕು. ಕೂತಿದ್ದಾಳೆ.

ಪ್ರತಿ ವರ್ಷ ಯಾವುದಾದರೊಂದು ಸಮಾರಂಭದಲ್ಲಿ ಮೂರು ಗಾಲಿಯ ಸೈಕಲ್ಲು, ಸ್ಕೂಟರು ಹಂಚುತ್ತಾರೆ. ಹಾರ, ಶಾಲು, ಭಾಷಣ, ಫೋಟೊ. ಹಂಚುವುದು ತಪ್ಪಲ್ಲ, ಅದರಿಂದ ಎಷ್ಟೋ ಮಂದಿ ತಮ್ಮ ಅನ್ನ ತಾವು ದುಡಿದುಕೊಂಡಿದ್ದಾರೆ. ಆದರೆ ಆ ಗಾಡಿ ಓಡಬೇಕಾದದ್ದು ಎಲ್ಲಿ? ಎತ್ತು ಕೊಟ್ಟು ಹೊಲ ಕೊಡದೆ ಹೋದಂತಾಯಿತು. ಗಾಡಿ ದಾನ, ದಾರಿ ಹಕ್ಕು. ದಾನ ಕೊಟ್ಟವರಿಗೆ ಜನ ಕೈಮುಗಿಯುತ್ತಾರೆ. ಹಕ್ಕು ಕೊಟ್ಟವರಿಗೆ ಯಾರೂ ಹಾರ ಹಾಕುವುದಿಲ್ಲ. ಅದಕ್ಕೇ ಗಾಡಿ ಬರುತ್ತದೆ, ದಾರಿ ಬರುವುದಿಲ್ಲ.

“ಅಂಥವರು ಎಷ್ಟು ಮಂದಿ ಇದ್ದಾರ್ರಿ ನಮ್ಮೂರಾಗ? ಬೀದ್ಯಾಗ ಕಾಣಂಗೇ ಇಲ್ಲಲ್ಲ!” ಎಂದು ಕೇಳುವವರಿದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಕ್ಕವರೇ 13 ಲಕ್ಷ 24 ಸಾವಿರ. ಬೀದಿಯಲ್ಲಿ ಕಾಣುವುದಿಲ್ಲವೆಂದರೆ ಅವರು ಇಲ್ಲವೆಂದಲ್ಲ, ಬೀದಿ ಅವರನ್ನು ಹೊರಗೆ ಬಿಟ್ಟಿಲ್ಲವೆಂದು ಅರ್ಥ.

ನನ್ನ ತರಗತಿಯಲ್ಲಿ ಒಬ್ಬಳಿದ್ದಳು. ಎರಡೂ ಕಾಲಿಗೆ ಬಲವಿರಲಿಲ್ಲ. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ತಾಯಿ ದಿನವೂ ಹೊತ್ತು ತಂದು ಬೆಂಚಿನ ಮೇಲೆ ಕೂಡಿಸುತ್ತಿದ್ದಳು. ಎಂಟನೆಯ ಇಯತ್ತೆ ಮುಗಿದ ಮೇಲೆ ಹುಡುಗಿ ಬರಲಿಲ್ಲ. ಕೇಳಲು ಹೋದರೆ ತಾಯಿ ಅಂದಳು: “ಇಲ್ಲೀತನಕ ಹೊತಗೊಂಡ ಬಂದ್ನಿರಿ ಅಕ್ಕೋರ. ಇನ್ನ ಆಕಿ ನನಗಿಂತ ವಜ್ಜಾ ಆಗ್ಯಾಳ. ನನ್ನ ಟೊಂಕಾ ನಿಲ್ಲಂಗಿಲ್ರಿ.” ಗಾಲಿಕುರ್ಚಿ ಮನೆಯಲ್ಲೇ ಇತ್ತು. ಶಾಲೆಗೆ ಅರ್ಧ ಮೈಲಿಯೂ ಇರಲಿಲ್ಲ. ನಡುವೆ ಇದ್ದದ್ದು ಎರಡು ತೆರೆದ ಗಟಾರ ಮತ್ತು ಮಂಡಿಯೆತ್ತರದ ಒಂದು ಮೆಟ್ಟಿಲು. ಗಂಡುಹುಡುಗನಾಗಿದ್ದರೆ ಗೆಳೆಯರು ಎತ್ತಿ ಸೈಕಲ್ಲಿನ ಮೇಲೆ ಕೂಡಿಸುತ್ತಿದ್ದರು. ಬೆಳೆದ ಹುಡುಗಿಯನ್ನು ಯಾರು ಎತ್ತಬೇಕು, ಎಲ್ಲಿ ಹಿಡಿದು ಎತ್ತಬೇಕು? ಓಣಿಯವರು ಹಣೆಬರಹ ಎಂದರು. ನಾನು ಒಪ್ಪುವುದಿಲ್ಲ. ಆ ಮೆಟ್ಟಿಲನ್ನು ಬ್ರಹ್ಮ ಕಟ್ಟಿರಲಿಲ್ಲ, ಗುತ್ತಿಗೆದಾರ ಕಟ್ಟಿದ್ದ. ಅದಕ್ಕೆ ಬಿಲ್ಲೂ ಪಾಸಾಗಿತ್ತು.

ಪೋಲಿಯೊ ಹೋಯಿತು, ಇನ್ನು ಈ ಸಮಸ್ಯೆಯೂ ಹೋಗುತ್ತದೆ ಎನ್ನುವವರು ಸ್ವಲ್ಪ ತಾಳಬೇಕು. 2014ರಲ್ಲಿ ನಮ್ಮ ದೇಶ ಪೋಲಿಯೊಮುಕ್ತವೆಂದು ಘೋಷಣೆಯಾದದ್ದು ಸಂತೋಷವೇ. ಆದರೆ ಸಕ್ಕರೆ ರೋಗದಿಂದ ಕಾಲು ತೆಗೆಸಿಕೊಂಡವರು, ಲಕ್ವಾ ಹೊಡೆದವರು, ರಸ್ತೆ ಅಪಘಾತದಲ್ಲಿ ನಡ ಮುರಿದವರು ಪ್ರತಿ ಓಣಿಯಲ್ಲಿದ್ದಾರೆ. ಮಂಡಿನೋವಿನ ಅತ್ತೆ, ತುಂಬು ಬಸುರಿ ಸೊಸೆ, ಕಣ್ಣಿಗೆ ಪೊರೆ ಬಂದ ಮಾವ, ಇವರಿಗೂ ಅದೇ ಗಟಾರ. ಗಾಲಿಕುರ್ಚಿಗಾಗಿ ಮಾಡಿದ ಇಳಿಜಾರಿನಲ್ಲಿ ನೀರಿನ ಕೊಡದವಳೂ ಸುಖವಾಗಿ ಇಳಿಯುತ್ತಾಳೆ.

ನಮ್ಮ ಭಾಗದ ದೊಡ್ಡ ವಿಪರ್ಯಾಸ ಇನ್ನೊಂದಿದೆ. ಗದುಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಥ ಎಷ್ಟೋ ಮಕ್ಕಳು ಸಂಗೀತ ಕಲಿತು ಹೊರಬಂದರು. ಪುಟ್ಟರಾಜರ ಫೋಟೊ ನಮ್ಮ ಎಷ್ಟೋ ಮನೆಗಳ ಜಗುಲಿಯ ಮೇಲಿದೆ. ಅವರಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ಊರೂರು ಹಿಗ್ಗಿತು. ಅವರ ಶಿಷ್ಯರು ಜಾತ್ರೆಗೆ ಬಂದು ಹಾಡಿದರೆ ಕೈಜೋಡಿಸಿ ಕೇಳುತ್ತೇವೆ. ಹಾಡು ಮುಗಿಸಿದ ಅದೇ ಮನುಷ್ಯ ಬೆಳಿಗ್ಗೆ ಒಬ್ಬನೇ ಬಸ್‌ಸ್ಟ್ಯಾಂಡಿಗೆ ನಡೆದು ಹೋಗಲಾರ. ಕಣ್ಣಿಲ್ಲದವರ ಪಾದಕ್ಕೆ ತಿಳಿಯಲೆಂದು ಉಬ್ಬುಗೆರೆಯ ಹಾಸುಬಿಲ್ಲೆಯನ್ನು ಜಪಾನಿನ ಸೇಯಿಚಿ ಮಿಯಾಕೆ ಎಂಬವರು ಕಂಡುಹಿಡಿದು, 1967ರಲ್ಲಿ ಒಕಾಯಾಮಾ ಊರಿನ ಅಂಧರ ಶಾಲೆಯ ಹತ್ತಿರ ಮೊದಲು ಹಾಸಿದರು. ನಮ್ಮ ಕಡೆಗೂ ಆ ಹಳದಿ ಬಿಲ್ಲೆ ಬಂದಿದೆ. ಒಂದು ಊರಿನಲ್ಲಿ ನೋಡಿದೆ: ಹಳದಿ ಸಾಲು ನೆಟ್ಟಗೆ ಹೋಗಿ ಲೈಟಿನ ಕಂಬಕ್ಕೆ ಮುಟ್ಟಿತ್ತು. ಹಾಸಿದವರಿಗೆ ಅದು ಅಲಂಕಾರ. ಓದಬೇಕಾದ ಪಾದವನ್ನು ಯಾರೂ ಕೇಳಿರಲಿಲ್ಲ.

ಕಾಯಿದೆಯಿಲ್ಲವೇ? ಧಾರಾಳವಾಗಿದೆ. 1995ರ ಕಾಯಿದೆಯಲ್ಲೇ ಫುಟ್‌ಪಾತಿಗೆ ಇಳಿಜಾರು ಮಾಡಬೇಕೆಂದಿತ್ತು. ಜೊತೆಗೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಬಾಲವೂ ಇತ್ತು. ಆ ಬಾಲ ಹಿಡಿದುಕೊಂಡೇ ಇಪ್ಪತ್ತು ವರ್ಷ ಕಳೆದರು. 2016ರ ಹೊಸ ಕಾಯಿದೆ ರಸ್ತೆಯನ್ನೂ ಹೆಸರಿಸಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವು ಕೊಟ್ಟಿತು. ಆ ಗಡುವು 2022ರಲ್ಲೇ ಮುಗಿದಿದೆ. ನಿಯಮಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ನಡೆಯಲು ಯೋಗ್ಯವಾದ ಫುಟ್‌ಪಾತು ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಅದೇ ಕೋರ್ಟು ಹೇಳಿತು. ಇನ್ನೇನು ದೇವರೇ ಬಂದು ಹೇಳಬೇಕೇ?

ರೊಕ್ಕವಿಲ್ಲ ಎಂಬುದು ಮುಂದಿನ ಮಾತು. ನಗರಸಂಸ್ಥೆಗಳು ಅಂಗವಿಕಲರ ಕಲ್ಯಾಣಕ್ಕೆ ಶೇ. 5ರಷ್ಟು ಹಣ ತೆಗೆದಿಡಬೇಕು. ಅದು ಎಲ್ಲಿ ಹೋಗುತ್ತದೆಂದು ಕೇಳಿ. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅದರಲ್ಲಿ ಕಮಾನು, ದೀಪಕ್ಕಿಂತ ಮೊದಲು ಇಳಿಜಾರು ದಾರಿಯ ಲೆಕ್ಕ ತೋರಿಸಲಿ. ನಿಜ ಹೇಳಬೇಕೆಂದರೆ ಕೊರತೆ ರೊಕ್ಕದ್ದಲ್ಲ, ಗಮನದ್ದು. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ನಮ್ಮ ಕಚೇರಿಗಳ ಮುಂದೆ ಮೂರಡಿಯಲ್ಲಿ ಮುಗಿಸಿ ನುಣ್ಣಗೆ ಟೈಲ್ಸ್ ಹಚ್ಚುತ್ತಾರೆ. ಅದು ಏರುವ ದಾರಿಯಲ್ಲ, ಜಾರುವ ಬಂಡೆ.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಮತದಾನದ ದಿನ ನಮ್ಮದೇ ಶಾಲೆಗೆ ಇಳಿಜಾರು ಬರುತ್ತದೆ, ಗಾಲಿಕುರ್ಚಿ ಬರುತ್ತದೆ, ತಳ್ಳಲು ಹುಡುಗರು ಬರುತ್ತಾರೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಮತಪೆಟ್ಟಿಗೆಯೇ ಇವರ ಮನೆಗೆ ಹೋಯಿತು. ಮರುದಿನ ಹಲಗೆಯಿಲ್ಲ, ಕುರ್ಚಿಯಿಲ್ಲ. ಮತಕ್ಕೆ ದಾರಿ ಇದೆ. ಪಾಠಕ್ಕೆ, ದವಾಖಾನೆಗೆ, ಸಂತೆಗೆ ಇಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಫುಟ್‌ಪಾತ್ ತೆರವು ಎಂದ ಕೂಡಲೇ ಮೊದಲು ಏಟು ಬೀಳುವುದು ಕಾಯಿಪಲ್ಯೆ ಬುಟ್ಟಿಯವಳ ಮೇಲೆ. ಅವಳಿಗೂ 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ರಕ್ಷಣೆಯಿದೆ. ಅವಳಿಗೆ ಗುರುತಿಸಿದ ಜಾಗ ಕೊಡಬೇಕು. ಆಕೆಯ ಬುಟ್ಟಿ ಎತ್ತಿಸಿ, ದೊಡ್ಡ ಅಂಗಡಿಯ ತಗಡನ್ನೂ ಮೋಟರ್‌ಸೈಕಲ್ ಸಾಲನ್ನೂ ಬಿಟ್ಟರೆ ಅದು ತೆರವಲ್ಲ, ಅನ್ಯಾಯ.

ಹಾಗಾದರೆ ಏನು ಕೇಳಬೇಕು? ಊರೆಲ್ಲ ಒಂದೇ ದಿನಕ್ಕೆ ಸರಿಯಾಗಲೆಂದು ನಾನು ಹೇಳುವುದಿಲ್ಲ. ದಾರಿಯೆಂದರೆ ಸರಪಳಿ, ಒಂದು ಕೊಂಡಿ ಕಡಿದರೂ ಉಳಿದದ್ದೆಲ್ಲ ದಂಡ. ಅಲ್ಲೊಂದು ಇಳಿಜಾರು, ಇಲ್ಲೊಂದು ಹಳದಿ ಬಿಲ್ಲೆ ಬೇಡ. ಊರಿಗೆ ಒಂದೊಂದು, ಎಲ್ಲಿಯೂ ಕಡಿಯದ ದಾರಿ ಮೊದಲು ಆಗಲಿ. ಬೈಲಹೊಂಗಲದಲ್ಲಿ ಬಸ್‌ಸ್ಟ್ಯಾಂಡಿನಿಂದ ಚನ್ನಮ್ಮನ ಸಮಾಧಿಯತನಕ. ಕಿತ್ತೂರಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಕೋಟೆಯ ಬಾಗಿಲತನಕ. ಸವದತ್ತಿಯಲ್ಲಿ ಗುಡ್ಡದ ಬಸ್ಸು ನಿಲ್ಲುವಲ್ಲಿಂದ ಯಲ್ಲಮ್ಮನ ಗುಡಿಯತನಕ. ರಾಮದುರ್ಗದಲ್ಲಿ ಬಸ್‌ಸ್ಟ್ಯಾಂಡಿನಿಂದ ಸರ್ಕಾರಿ ದವಾಖಾನೆಯತನಕ. ಕೆಲಸ ಮುಗಿದಾಗ ಎಂಜಿನಿಯರು, ಗುತ್ತಿಗೆದಾರರು ಒಬ್ಬೊಬ್ಬರೂ ಗಾಲಿಕುರ್ಚಿಯಲ್ಲಿ ಕೂತು, ಯಾರೂ ತಳ್ಳದೆ, ಆ ದಾರಿ ಮುಗಿಸಲಿ. ಆಮೇಲೆ ಬಿಲ್ಲು ಪಾಸಾಗಲಿ.

ಇದನ್ನು ಗಂಡಸರು ಕೇಳಲೆಂದು ಕಾಯಬೇಡಿ, ಅಕ್ಕತಂಗಿಯರೇ. ಮನೆಯಲ್ಲಿ ಬಿದ್ದವರನ್ನು ಎತ್ತುವ ಟೊಂಕ ನಮ್ಮದು. ಪುರಸಭೆಯ ಅರ್ಧದಷ್ಟು ಸ್ಥಾನ ಈಗ ಹೆಂಗಸರಿಗೆ ಮೀಸಲು. ಓಟು ಕೇಳಲು ಬಂದವಳನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಈ ಒಂದು ದಾರಿಯ ಮಾತು ತೆಗೆಯಿರಿ. ಸಂಘದ ಸಭೆಯಲ್ಲಿ ಠರಾವು ಮಾಡಿ, ಅರ್ಜಿ ಬರೆದು, ಪೋಚು ತೆಗೆದುಕೊಳ್ಳಿ. ನಮ್ಮ ಮೆಟ್ಟಿಲು ಬೀದಿಗೆ ಚಾಚಿದ್ದರೆ ನಾವೇ ಮೊದಲು ಒಳಗೆ ಸರಿಸೋಣ. ಆಗ ಕೇಳುವ ಬಾಯಿಗೆ ಬಲ ಬರುತ್ತದೆ. ಇನ್ನೊಬ್ಬ ತಾಯಿ ಟೊಂಕ ಹಿಡಿದು ಕೂಡುವ ಮೊದಲು, ಇನ್ನೊಬ್ಬ ಜಾಣೆಯ ಲೆಕ್ಕದ ಪುಸ್ತಕ ಮಾಡದಲ್ಲಿ ಧೂಳು ತಿನ್ನುವ ಮೊದಲು ಈ ಕೆಲಸ ಆಗಬೇಕು.