ಇಪ್ಪತ್ತೈದು ಮತ್ತು ಪಂಚವೀಸ್

ಅಕ್ಕಲಕೋಟೆಯ ಸಂತೆಯಲ್ಲಿ ದರ ಕೇಳುವ ಕನ್ನಡಿಗನ ಕಿವಿಗೆ ಒಂದೇ ಸಂಖ್ಯೆ ಎರಡು ಕ್ರಮಗಳಲ್ಲಿ ಬೀಳುತ್ತದೆ. ಕನ್ನಡದ ‘ಇಪ್ಪತ್ತೈದು’ ಹತ್ತರ ಸ್ಥಾನವನ್ನು ಮೊದಲು ನುಡಿದರೆ, ಮರಾಠಿಯ ‘ಪಂಚವೀಸ್’ ಬಿಡಿಯ ಸ್ಥಾನವನ್ನು ಮೊದಲು ನುಡಿಯುತ್ತದೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ನುಡಿಯನ್ನಾಡುವವರಿಗೆ ಈ ಪಲ್ಲಟ ಅರಿವಿಗೇ ಬಾರದು. ಆದರೆ ಸಂಖ್ಯೆ ಯಾವ ನುಡಿಯದೆಂಬುದನ್ನು ಮರೆತು, ಕೇಳಿದ ಕ್ರಮದಲ್ಲೇ ಅಂಕಿಗಳನ್ನು ಬರೆದುಕೊಂಡರೆ 25 ಹೋಗಿ 52 ಆಗುತ್ತದೆ.

ಗಣಕಯಂತ್ರಗಳಲ್ಲಿಯೂ ಇದೇ ಭೇದವುಂಟು. ಒಂದು ಸಂಖ್ಯೆಯನ್ನು ನಾಲ್ಕು ಬೈಟುಗಳಲ್ಲಿ ಇರಿಸುವಾಗ ಇಂಟೆಲ್ ಪ್ರೊಸೆಸರ್ ಕಿರಿಯ ಬೈಟನ್ನು ಮೊದಲಿಡುತ್ತದೆ. ಅಂತರ್ಜಾಲದ ಮೂಲ ನಿಯಮಗಳು ಹಿರಿಯ ಬೈಟನ್ನು ಮೊದಲು ಕಳುಹಿಸುತ್ತವೆ. 1980ರಲ್ಲಿ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಈ ಎರಡು ಪದ್ಧತಿಗಳನ್ನು ‘ಲಿಟಲ್ ಎಂಡಿಯನ್’, ‘ಬಿಗ್ ಎಂಡಿಯನ್’ ಎಂದು ಕರೆದರು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡುವ ಗಲಿವರನ ಕಥೆಯ ಜನರಿಂದ ಎರವಲು ತಂದ ಹೆಸರುಗಳಿವು. (ಗಡಿನಾಡಿನವರಿಗೆ ಇಂತಹ ಜಗಳಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.) ಒಂದು ಪದ್ಧತಿಯಲ್ಲಿ ಬರೆದ 1 ಎಂಬ ಸಂಖ್ಯೆಯನ್ನು ಇನ್ನೊಂದರಲ್ಲಿ ಓದಿದರೆ ಅದು 1,67,77,216 ಆಗುತ್ತದೆ!

ಯಂತ್ರಾಂಗಗಳೊಡನೆ ಮಾತನಾಡುವ ಡ್ರೈವರ್ ಎಂಬ ತಂತ್ರಾಂಶಕ್ಕೆ ಇದು ನಿತ್ಯದ ಅಪಾಯ. ಸಿ ಭಾಷೆಯ ದೃಷ್ಟಿಯಲ್ಲಿ ಎರಡೂ ಬರಿಯ 32 ಬಿಟ್‌ಗಳ ಸಂಖ್ಯೆಗಳೇ, ಅದು ಭೇದವೆಣಿಸದು. ಆ ಕೊರತೆಯನ್ನು ನೀಗಲು ನೆರವಾದುದು ಲಿನಸ್ ಟೋರ್ವಾಲ್ಡ್ಸ್ 2003ರಲ್ಲಿ ಆರಂಭಿಸಿದ ‘ಸ್ಪಾರ್ಸ್’ ಎಂಬ ಪರಿಶೋಧಕ. ಲಿನಕ್ಸ್ ಕರ್ನಲ್ಲಿನಲ್ಲಿ ಎರಡು ಕ್ರಮಗಳ ಸಂಖ್ಯೆಗಳಿಗೆ ಬೇರೆ ಬೇರೆ ದತ್ತಾಂಶ ಪ್ರಕಾರಗಳುಂಟು. ಪರಿವರ್ತನೆಯಿಲ್ಲದೆ ಅವನ್ನು ಸಾಮಾನ್ಯ ಸಂಖ್ಯೆಗಳೊಡನೆ ಬೆರೆಸಿದರೆ ಸ್ಪಾರ್ಸ್ ಎಚ್ಚರಿಸುತ್ತದೆ.

ತೊಡಕು ಇರುವುದು ಎಚ್ಚರಿಕೆಯ ಅನಂತರ. ‘ಫೋರ್ಸ್’ ಎಂಬ ಗುರುತೊಂದನ್ನು ಸೇರಿಸಿದರೆ ಪರಿಶೋಧಕ ಬಾಯಿ ಮುಚ್ಚುತ್ತದೆ. ಇಂಟೆಲ್ ಯಂತ್ರದಲ್ಲಿ ಡ್ರೈವರ್ ಸರಿಯಾಗಿಯೇ ನಡೆಯುತ್ತಿರಬಹುದು. ಸಾಧನದ ಕ್ರಮವೂ ಪ್ರೊಸೆಸರಿನ ಕ್ರಮವೂ ಅಲ್ಲಿ ಆಕಸ್ಮಿಕವಾಗಿ ಒಂದೇ ಆಗಿರುತ್ತವೆ. ಅದೇ ಡ್ರೈವರ್ ಐಬಿಎಂನ ಮೇನ್‌ಫ್ರೇಮಿನಂತಹ ಬಿಗ್ ಎಂಡಿಯನ್ ಯಂತ್ರವನ್ನು ಸೇರಿದ ದಿನ ಲೆಕ್ಕವೆಲ್ಲ ತಲೆಕೆಳಗು. ಇನ್ನು ಕೆಲವರು ಎಚ್ಚರಿಕೆ ಕಂಡಲ್ಲೆಲ್ಲ ಪರಿವರ್ತನೆಯನ್ನು ತುರುಕುತ್ತಾರೆ. ಎರಡು ಸಲ ತಿರುಗಿಸಿದ ಸಂಖ್ಯೆ ಮೊದಲಿನ ತಪ್ಪಿಗೇ ಮರಳುತ್ತದೆ. ಸರಿಯಾದ ತಿದ್ದುಪಡಿಗೆ ಸಾಧನದ ಕೈಪಿಡಿಯನ್ನು ತೆರೆದು, ಅದು ಯಾವ ಕ್ರಮದಲ್ಲಿ ಮಾತನಾಡುತ್ತದೆಂದು ತಿಳಿಯಬೇಕು; ದತ್ತಾಂಶದ ಘೋಷಣೆಯಲ್ಲಿಯೇ ಆ ಪ್ರಕಾರವನ್ನು ಬರೆಯಬೇಕು; ಬಳಸುವೆಡೆ ಒಮ್ಮೆ ಮಾತ್ರ ಪರಿವರ್ತಿಸಬೇಕು. ಕ್ರಮಗಳು ಒಂದೇ ಆಗಿರುವ ಯಂತ್ರದಲ್ಲಿ ಈ ಪರಿವರ್ತನೆಗೆ ಏನೂ ವೆಚ್ಚ ತಗಲದು.

ಇನ್ನೂ ಪಕ್ವವಾಗದ ಡ್ರೈವರುಗಳಿಗಾಗಿ ಲಿನಕ್ಸಿನಲ್ಲಿ 2008ರಿಂದ ‘ಸ್ಟೇಜಿಂಗ್’ ಎಂಬ ವಿಭಾಗವಿದೆ. ಹೊಸಬರು ಅನೇಕರು ಅಲ್ಲಿಯೇ ಕೈ ಪಳಗಿಸಿಕೊಂಡಿದ್ದಾರೆ. ಪದವಿ ಮುಗಿದೊಡನೆ ಪುಣೆಯ ರೈಲು ಹಿಡಿಯುವ ಸೊಲ್ಲಾಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದರ ಬಾಗಿಲು ಊರಿನಲ್ಲಿದ್ದಾಗಲೇ ತೆರೆದಿದೆ. ಸ್ಪಾರ್ಸನ್ನು ಸ್ಥಾಪಿಸಿಕೊಂಡು, ಕರ್ನಲ್ ಕಟ್ಟುವ ‘ಮೇಕ್’ ಆದೇಶಕ್ಕೆ ‘ಸಿ=2’ ಎಂದು ಸೇರಿಸಿದರೆ ಸಾಕು, ಎಚ್ಚರಿಕೆಗಳು ಪರದೆಯ ಮೇಲೆ ಸಾಲುಗಟ್ಟುತ್ತವೆ.