ಹಳೆಯ ಲ್ಯಾಪ್‌ಟಾಪಿಗೆ ಹೊಸ ಭಂಡಾರ



ಹಳೆಯ ಗ್ರಂಥಗಳ ವಿಚಾರವನ್ನೇ ಬರೆದುಕೊಂಡು ಬಂದಿರುವ ನಾವು ಈ ಸಲ ಲ್ಯಾಪ್‌ಟಾಪಿನ ವಿಚಾರವನ್ನು ಎತ್ತಿಕೊಂಡಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಅದಕ್ಕೆ ಕಾರಣವಿದೆ. 2026 ರ ಸಂಕ್ರಾಂತಿಯ ಮರುವಾರ ನಮ್ಮ ಹನ್ನೆರಡು ವರ್ಷಗಳ ಬರಹವು ಒಂದೇ ರಾತ್ರಿಯಲ್ಲಿ ಇಲ್ಲವಾಗುವುದರಲ್ಲಿತ್ತು. ಅದು ಉಳಿದ ಬಗೆಯನ್ನು ತಮಗೆ ತಿಳಿಸಬೇಕೆನಿಸಿತು. ಇಂದು ಮನೆಯ ಲೆಕ್ಕಪತ್ರ, ಮಕ್ಕಳ ಓದು, ಮದುವೆಯ ಭಾವಚಿತ್ರ ಎಲ್ಲವೂ ಇಂಥ ಯಂತ್ರಗಳ ಉದರದಲ್ಲಿಯೇ ಇರುವುದರಿಂದ ಇದು ನಮ್ಮೊಬ್ಬರ ಸಂಗತಿ ಮಾತ್ರವಲ್ಲ.

ನಾವು ಆ ಲ್ಯಾಪ್‌ಟಾಪನ್ನು ಕೊಂಡದ್ದು 2014 ರಲ್ಲಿ. ಅಂದಿನಿಂದ ಮುಧೋಳ, ಜಮಖಂಡಿ, ಬೀಳಗಿ ಭಾಗದ ಭಕ್ತರ ಮನೆಗಳಲ್ಲಿ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಕೇಳಿ ಪಡೆದು, ಛಾಯಾಚಿತ್ರ ತೆಗೆದು, ಕಟ್ಟನ್ನು ಹಾಗೆಯೇ ಅವರಿಗೆ ಒಪ್ಪಿಸಿ, ಚಿತ್ರಗಳನ್ನು ನೋಡುತ್ತ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವುದು ನಮ್ಮ ನಿತ್ಯದ ಕಾಯಕವಾಗಿತ್ತು. 2019 ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ದಂಡೆಯ ಹಳ್ಳಿಯೊಂದರಲ್ಲಿ ಅಂಥ ಒಂದು ಮನೆಯೊಳಗೆ ನೀರು ಹೊಕ್ಕು ಹಲವು ದಿನ ನಿಂತಿತು. ಓಲೆಯ ಕಟ್ಟು ಕೊಳೆತು ಹೋಯಿತು. ಆ ಗ್ರಂಥದ್ದೆಂದು ಉಳಿದದ್ದು ನಮ್ಮ ಯಂತ್ರದಲ್ಲಿದ್ದ 214 ಚಿತ್ರಗಳು ಮಾತ್ರ. ಇವನ್ನು ಬೇರೊಂದು ಕಡೆ ಪ್ರತಿ ಮಾಡಿ ಇಡಬೇಕೆಂದು ಅಂದೇ ಅಂದುಕೊಂಡೆವು. ಅಂದುಕೊಳ್ಳುತ್ತಲೇ ಆರು ವರ್ಷ ಕಳೆದೆವು. ಈ ಆಲಸ್ಯದ ದೋಷ ಪೂರ್ತಿಯಾಗಿ ನಮ್ಮದೇ.

ಯಂತ್ರವೇನೋ ಸಾಕಷ್ಟು ಮೊದಲೇ ಸೂಚನೆ ಕೊಟ್ಟಿತ್ತು. ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ ಬಂದರೂ ಪರದೆ ಸಿದ್ಧವಾಗಿರುತ್ತಿರಲಿಲ್ಲ. ಒಂದು ಕಡತ ತೆರೆಯುವಷ್ಟರಲ್ಲಿ ಒಂದು ಬಟ್ಟಲು ಚಹಾ ಮುಗಿಯುತ್ತಿತ್ತು. ಆಮೇಲೆ ಒಳಗಿನಿಂದ ಟಿಕ್ ಟಿಕ್ ಎಂಬ ಸಪ್ಪಳ ಕೇಳಿಸತೊಡಗಿತು. ಕೊನೆಗೊಂದು ದಿನ ನೀಲಿ ಪರದೆ ಮೂಡಿ ಎಲ್ಲವೂ ಸ್ತಬ್ಧವಾಯಿತು. ಸಮೀಪದ ಊರಿನ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿಯವರು ತಿರುಪು ಕೂಡ ಬಿಚ್ಚದೆ, ಬೋರ್ಡು ಹೋಗಿದೆ, ಹೊಸದು ತೆಗೆದುಕೊಳ್ಳಿ ಎಂದರು. ಬೇಕಾದರೆ ಫಾರ್ಮ್ಯಾಟ್ ಮಾಡಿ ನೋಡೋಣ ಎಂಬ ಮಾತೂ ಬಂದಿತು. ಫಾರ್ಮ್ಯಾಟ್ ಎಂದರೆ ಹಲಗೆಯ ಮೇಲಿನ ಬರಹವನ್ನೆಲ್ಲ ಒರೆಸಿದಂತೆ ಎಂಬಷ್ಟು ನಮಗೆ ಗೊತ್ತಿತ್ತು. ಯಂತ್ರವನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಮರಳಿದೆವು.

ನಮ್ಮ ಪರಿಚಯದ ಭಕ್ತರೊಬ್ಬರ ಮಗ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿದ್ದಾನೆ. ಕಬ್ಬಿನ ಹಂಗಾಮು ಭರದಿಂದ ನಡೆದಿದ್ದ ದಿನಗಳವು. ಪಾಳಿ ಮುಗಿಸಿ ರಾತ್ರಿ ಹತ್ತೂವರೆಗೆ ಬಂದ. ಯಂತ್ರಕ್ಕೆ ಕಿವಿಯಿಟ್ಟು ಕೇಳಿ, ಒಂದೇ ಒಂದು ಸಲ ಅದನ್ನು ತೆರೆದು, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಸಣ್ಣ ತಂತ್ರಾಂಶವನ್ನು ನಡೆಸಿದ. ಹಳದಿ ಬಣ್ಣದಲ್ಲಿ ಎಚ್ಚರಿಕೆ ಮೂಡಿತು. ಕೂಡಲೇ ಆರಿಸಿಬಿಟ್ಟ.

"ಗುರುಗಳ, ಬೋರ್ಡಿಗೆ ಏನೂ ಆಗಿಲ್ಲ. ಹಾರ್ಡ್ ಡಿಸ್ಕ್ ಸಾಯಾಕ ಹತ್ತೇತಿ. ಇನ್ನ ಮ್ಯಾಲೆ ಇದನ್ನ ಚಾಲೂ ಮಾಡಬ್ಯಾಡ್ರಿ. ಒಂದೊಂದ್ ಸಲ ಚಾಲೂ ಮಾಡಿದಾಗೂ ಉಳಿದಿದ್ದು ಕಡಿಮಿ ಆಗ್ತದ."

"ಬರಹ ಉಳಿದೀತೇನಪಾ ತಮ್ಮಾ?" ಎಂದೆವು. ಅವನು ಉತ್ತರ ಕೊಡಲಿಲ್ಲ. ನಾಳೆ ಬರುತ್ತೇನೆಂದು ಹೇಳಿ ಹೋದ. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಹಾರ್ಡ್ ಡಿಸ್ಕ್ ಎಂಬುದರ ಒಳಗೆ ಕಾಂತಲೇಪವಿರುವ ನುಣುಪಾದ ತಟ್ಟೆಗಳು ತಿರುಗುತ್ತಿರುತ್ತವೆ. ನಮ್ಮದರಲ್ಲಿ ಅವು ನಿಮಿಷಕ್ಕೆ 5400 ಸುತ್ತು ತಿರುಗುತ್ತಿದ್ದವು. ಓದುವ ಬರೆಯುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ನಡೆಯುತ್ತಿರುವಾಗ ಯಂತ್ರವನ್ನು ಕುಕ್ಕಿದರೆ ಮುಳ್ಳು ತಟ್ಟೆಗೆ ಬಡಿದು ಗಾಯ ಮಾಡುತ್ತದೆ. ಬೇಕಾದ ಸ್ಥಾನ ಸಿಕ್ಕದೆ ಮುಳ್ಳು ಮರಳಿ ಮರಳಿ ಮೊದಲಿನ ಜಾಗಕ್ಕೆ ಬಂದು ಹೋಗುವಾಗ ಕೇಳಿಸುವ ಸದ್ದೇ ಆ ಟಿಕ್ ಟಿಕ್. ಈ ವಿದ್ಯೆ ಹೊಸದೇನಲ್ಲ. 1956 ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಸುಮಾರು ಒಂದು ಟನ್ ತೂಗುತ್ತಿತ್ತಂತೆ. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ನಾವು ಮೊಬೈಲಿನಲ್ಲಿ ತೆಗೆದ ಒಂದು ಓಲೆಯ ಚಿತ್ರಕ್ಕೇ ಅಷ್ಟು ಜಾಗ ಬೇಕು!

ಮರುದಿನ ಆತ ಒಂದು ಟೆರಾಬೈಟಿನ ಹೊರ ಡಿಸ್ಕು, ಲಿನಕ್ಸ್ ತುಂಬಿದ ಪೆನ್‌ಡ್ರೈವು, ಒಂದು ಯುಪಿಎಸ್ ಹೊತ್ತು ತಂದ. ನಮ್ಮ ಯಂತ್ರವನ್ನು ಪೆನ್‌ಡ್ರೈವಿನಿಂದಲೇ ಎಬ್ಬಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಡಿಸ್ಕನ್ನು ಹೊರ ಡಿಸ್ಕಿಗೆ ಪ್ರತಿ ಮಾಡಲು ಹಚ್ಚಿದ. ಸಾಮಾನ್ಯ ರೀತಿಯ ಪ್ರತಿಯಾದರೆ ಕೆಟ್ಟ ಜಾಗ ಬಂದಲ್ಲಿ ಅಡ್ಡಬಿದ್ದು ಅದನ್ನೇ ಕೆರೆಯುತ್ತ ಕುಳಿತುಬಿಡುತ್ತದೆ. ಇದು ಹಾಗಲ್ಲ. ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟುದನ್ನು ಗುರುತು ಹಾಕಿಕೊಂಡು ದಾಟಿ, ಕೊನೆಗೆ ಮರಳಿ ಬಂದು ಅಲ್ಲಿ ಯತ್ನಿಸುತ್ತದೆ. ಆಗಲೂ ಬರದಿದ್ದರೆ ಅಷ್ಟು ಜಾಗವನ್ನು ಖಾಲಿಯೇ ಬಿಡುತ್ತದೆ. ಎಲ್ಲಿಯವರೆಗೆ ಬಂದೆನೆಂಬ ಲೆಕ್ಕವನ್ನು ಬೇರೊಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎರಡನೆಯ ರಾತ್ರಿ ಕರೆಂಟು ಹೋಗಿ ಯುಪಿಎಸ್ ಕೂಡ ಕೈಬಿಟ್ಟಾಗ ಆ ಲೆಕ್ಕದಿಂದಲೇ ಕೆಲಸ ನಿಂತಲ್ಲಿಂದ ಮುಂದುವರಿಯಿತು.

ಇದನ್ನು ಕೇಳಿ ನಮಗೆ ನಮ್ಮ ಹಿಂದಿನ ಲಿಪಿಕಾರರ ನೆನಪಾಯಿತು. ಹುಳು ತಿಂದ ಓಲೆಯನ್ನು ಪ್ರತಿ ಮಾಡುವಾಗ ಬಲ್ಲ ಲಿಪಿಕಾರನು ಹೋದ ಅಕ್ಷರವನ್ನು ಊಹಿಸಿ ತುಂಬುತ್ತಿರಲಿಲ್ಲ, ಅಷ್ಟು ಸ್ಥಳ ಬಿಟ್ಟು ಮುಂದೆ ಸಾಗುತ್ತಿದ್ದ. ಓಲೆಯೂ ಶಾಶ್ವತವಲ್ಲ. ಕೆಲವು ತಲೆಮಾರಿಗೊಮ್ಮೆ ಹೊಸ ಓಲೆಗೆ ಇಳಿಸಿದ್ದರಿಂದಲೇ ಗ್ರಂಥಗಳು ನಮ್ಮವರೆಗೆ ಬಂದಿವೆ. ಫ. ಗು. ಹಳಕಟ್ಟಿಯವರು ವಚನಗಳ ತಾಡೋಲೆಗಳನ್ನು ಕಂಡದ್ದು ಇಲ್ಲಿಗೆ ಸಮೀಪದ ರಬಕವಿ-ಬನಹಟ್ಟಿಯ ಮಂಚಾಲೆಯವರ ಮನೆಯಲ್ಲಿ ಎಂಬುದು ಈ ಸೀಮೆಯ ಹಿರಿಯರಿಗೆ ವಿದಿತವೇ ಇದೆ. ಅಂಥ ಮನೆಗಳಲ್ಲಿ ಓಲೆಗಳು ಉಳಿಯದೆ ಹೋಗಿದ್ದರೆ 1923 ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಗುವುದು ಎಲ್ಲಿಂದ ಬಂತು? ಇರಲಿ, ನಮ್ಮ ಯಂತ್ರಕ್ಕೆ ಮರಳೋಣ.

ಬರಹ ಹೊರಗೆ ಬಂದ ಮೇಲೆಯೇ ತಮ್ಮ ತಿರುಪುಗಳಿಗೆ ಕೈಹಚ್ಚಿದ. ಹಾರ್ಡ್ ಡಿಸ್ಕಿನ ಸ್ಥಾನಕ್ಕೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಭಂಡಾರ ಬಂದಿತು. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ಮುಳ್ಳಿಲ್ಲ, ಸದ್ದಿಲ್ಲ. ಕೋಟ್ಯಂತರ ಸೂಕ್ಷ್ಮ ಕೋಶಗಳಲ್ಲಿ ವಿದ್ಯುತ್ ಕಣಗಳನ್ನು ಸೆರೆಹಿಡಿದು ಅಕ್ಷರವನ್ನು ಇಡುತ್ತದೆ. ತಟ್ಟೆ ತಿರುಗಿ ಮುಳ್ಳು ಬರುವವರೆಗೆ ಕಾಯುವ ಪ್ರಮೇಯವಿಲ್ಲದ್ದರಿಂದ ವೇಗ ಬಹಳ. ಈಗ ನಮ್ಮ ಯಂತ್ರ ಅರ್ಧ ನಿಮಿಷದೊಳಗೆ ಸಿದ್ಧವಾಗಿ ಕುಳಿತಿರುತ್ತದೆ.

ಆದರೆ ಅಂಗಡಿಗೆ ಹೋಗಿ ಎಸ್‌ಎಸ್‌ಡಿ ಕೊಡಿ ಎಂದರೆ ಸಾಲದು. ಹತ್ತು ವರ್ಷ ಹಳೆಯ ಯಂತ್ರಗಳಿಗೆ ಬೇಕಾಗುವುದು ಬಹುತೇಕ ಎರಡೂವರೆ ಅಂಗುಲದ ಸಾಟಾ ಜಾತಿಯದು. ಅದು ಹಳೆಯ ಡಿಸ್ಕಿನ ಗೂಡಿನಲ್ಲಿಯೇ ಕೂಡುತ್ತದೆ. ಈಚಿನ ಯಂತ್ರಗಳಲ್ಲಿ ಎಂ.2 ಎಂಬ ಚಪ್ಪಟೆ ಪಟ್ಟಿ ಬರುತ್ತದೆ. 2280 ಎಂದು ಬರೆದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. ಅದರಲ್ಲಿಯೂ ಸಾಟಾ, ಎನ್‌ವಿಎಂಇ ಎಂದು ಎರಡು ಪಂಗಡ. ನೋಡಲು ಅವಳಿ ಮಕ್ಕಳಂತಿದ್ದರೂ ಒಂದರ ಜಾಗದಲ್ಲಿ ಇನ್ನೊಂದು ನಡೆಯದಿರಬಹುದು. ಯಂತ್ರದ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ಅದಕ್ಕೆ ಯಾವುದು ಒಗ್ಗುತ್ತದೆಂದು ತಿಳಿದ ಮೇಲೆಯೇ ಹಣ ಬಿಚ್ಚಬೇಕು. ಕೆಲವು ತೆಳು ಯಂತ್ರಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಬದಲಾಯಿಸುವ ಮಾತೇ ಇಲ್ಲ.

ಬಿಚ್ಚುವಾಗ ಆ ಹುಡುಗನ ನೇಮನಿಷ್ಠೆ ನೋಡುವಂತಿತ್ತು. ಚಾರ್ಜರ್ ತೆಗೆದ, ಬ್ಯಾಟರಿ ತೆಗೆದ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಇಳಿಸಿದ. ಮೈಯಲ್ಲಿನ ಸ್ಥಿರ ವಿದ್ಯುತ್ತು ಚಿಪ್ಪನ್ನು ಸುಡಬಾರದೆಂದು ಕಿಟಕಿಯ ಸರಳನ್ನು ಮುಟ್ಟಿದ. ಒಂದು ಹಾಳೆಯ ಮೇಲೆ ಯಂತ್ರದ ತಳದ ಚಿತ್ರ ಬರೆದು, ಬಿಚ್ಚಿದ ಪ್ರತಿ ತಿರುಪನ್ನು ಅದರದರ ಸ್ಥಾನದಲ್ಲಿಯೇ ಇಟ್ಟ. ತಿರುಪುಗಳ ಉದ್ದ ಬೇರೆ ಬೇರೆಯಂತೆ, ಉದ್ದನೆಯದನ್ನು ಗಿಡ್ಡನೆಯದರ ಜಾಗದಲ್ಲಿ ತಿರುಗಿಸಿದರೆ ಬೋರ್ಡಿಗೆ ಚುಚ್ಚುತ್ತದೆ. ಒಳಗೆ ಪಂಖದ ಬಾಯಿ ಧೂಳಿನಿಂದ ಕಟ್ಟಿಹೋಗಿತ್ತು. ಹಂಗಾಮಿನಲ್ಲಿ ಹಗಲಿರುಳು ಕಬ್ಬಿನ ಟ್ರ್ಯಾಕ್ಟರು ಓಡಾಡುವ ರಸ್ತೆಯ ಬದಿಯ ಮನೆ ನಮ್ಮದು. ಮೆತ್ತನೆಯ ಕುಂಚದಿಂದ ಅದನ್ನೂ ಬಿಡಿಸಿದ.

ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಪರದೆ ಕಪ್ಪು. ಬೀಪ್ ಬೀಪ್ ಎಂಬ ಕೂಗು. ನಮ್ಮ ಎದೆ ಧಸಕ್ಕೆಂದಿತು. ತಮ್ಮ ಮಾತ್ರ ನಕ್ಕ. "ಕೂಗಾಕ ಹತ್ತೇತಿ ಅಂದ್ರ ಬೋರ್ಡು ಜೀವಂತ ಐತಿ ಅಂತ ಅರ್ಥ, ಗುರುಗಳ." ಮತ್ತೆ ಬಿಚ್ಚಿ ಮೆಮೊರಿಯ ಪಟ್ಟಿಯನ್ನು ಹೊರತೆಗೆದು, ಅದರ ಹಳದಿ ಹಲ್ಲುಗಳನ್ನು ಮೊಮ್ಮಗನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಒರೆಸಿ, ಓರೆಯಾಗಿ ಇಟ್ಟು ಟಕ್ಕೆಂದು ಒತ್ತಿದ. ಪರದೆ ಬೆಳಗಿತು. ದಿನಾಂಕ ಮಾತ್ರ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಅದು ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದುದರ ಲಕ್ಷಣ. ಅದನ್ನೂ ಹಾಕಿಸಿದ್ದಾಯಿತು.

ಹಳೆಯ ಡಿಸ್ಕು ಆರೋಗ್ಯದಿಂದಿದ್ದರೆ ಅದರ ಪಡಿಯಚ್ಚನ್ನೇ ಹೊಸದಕ್ಕೆ ಇಳಿಸಬಹುದು. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವಿದೆ. ಯಾವುದರಿಂದ ಯಾವುದಕ್ಕೆ ಎಂಬುದರಲ್ಲಿ ತಪ್ಪಿದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬಿದ್ದು ಎಲ್ಲವೂ ಅಳಿಯುತ್ತದೆ. ಎರಡಕ್ಕೂ ಚೀಟಿ ಅಂಟಿಸಿಕೊಂಡೇ ಕೂಡಬೇಕು. ನಮ್ಮದು ರೋಗಿಷ್ಠ ಡಿಸ್ಕಾದ್ದರಿಂದ ವಿಂಡೋಸ್ ಹೊಸದಾಗಿ ಹಾಕಿ, ಕಡತಗಳನ್ನಷ್ಟೇ ತುಂಬಿಸಿಕೊಂಡೆವು. ವಿಂಡೋಸ್ 10 ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025 ರ ಅಕ್ಟೋಬರ್ 14 ರಂದು ಮುಗಿದಿದೆ. ನಮ್ಮ ಯಂತ್ರದ ವಯಸ್ಸಿಗೆ ವಿಂಡೋಸ್ 11 ಒಪ್ಪುವುದಿಲ್ಲ. ಆದಕಾರಣ ಅದಕ್ಕೆ ಇಂಟರ್‌ನೆಟ್ ಸಂಪರ್ಕವನ್ನೇ ಕೊಟ್ಟಿಲ್ಲ. ಬರೆಯುವುದಕ್ಕೆ ಅದರ ಅವಶ್ಯಕತೆಯೂ ಇಲ್ಲ. ಬ್ಯಾಂಕಿನ ವ್ಯವಹಾರವನ್ನು ಅಂಥ ಯಂತ್ರದಲ್ಲಿ ಮಾಡಬಾರದು.

ಎಸ್‌ಎಸ್‌ಡಿಯ ಗುಣವನ್ನೇ ಹೇಳಿ ದೋಷ ಮುಚ್ಚಿಡುವುದು ಸಲ್ಲದು. ಹಾರ್ಡ್ ಡಿಸ್ಕು ನರಳಿ ಸಾಯುತ್ತದೆ, ಇದು ಎಷ್ಟೋ ಸಲ ಹೇಳದೆ ಕೇಳದೆ ಹೋಗಿಬಿಡುತ್ತದೆ. ಇದರಲ್ಲಿ ಅಳಿಸಿದ ಕಡತ ಮರಳಿ ಸಿಕ್ಕುವುದು ದುರ್ಲಭ. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟರೆ ಕೋಶಗಳಲ್ಲಿನ ಕಣಗಳು ಸೋರುತ್ತವೆ, ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೆ ಇನ್ನೂ ಬೇಗ. ಆದ್ದರಿಂದ ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಎತ್ತಿಡುವುದಕ್ಕೆ ಹಾರ್ಡ್ ಡಿಸ್ಕು ಎಂದು ನಾವು ಗೊತ್ತುಮಾಡಿಕೊಂಡಿದ್ದೇವೆ. ಒಂದು ಪ್ರತಿ ನಮ್ಮಲ್ಲಿದೆ, ಇನ್ನೊಂದು ಹೊಳೆಯಿಂದ ದೂರ ಎತ್ತರದಲ್ಲಿರುವ ಮಗಳ ಮನೆಯಲ್ಲಿದೆ. ಪ್ರತಿ ಅಮಾವಾಸ್ಯೆಗೆ ಎರಡನ್ನೂ ತಾಳೆ ನೋಡುತ್ತೇವೆ. ಅಮಾವಾಸ್ಯೆ ಯಾಕೆಂದರೆ, ಅದೊಂದು ದಿನ ನಮಗೆ ಮರೆಯುವುದಿಲ್ಲ.

ಉಳಿದದ್ದೆಷ್ಟು ಎಂದು ತಾವು ಕೇಳುವಿರಿ. ಬೆರಳಚ್ಚು ಮಾಡಿದ ಕಡತಗಳೆಲ್ಲ ಬಂದವು. ಪ್ರವಾಹಕ್ಕೆ ಸಿಕ್ಕ ಗ್ರಂಥದ 214 ಚಿತ್ರಗಳಲ್ಲಿ 205 ಸುರಕ್ಷಿತ. ಒಂಬತ್ತು ಚಿತ್ರಗಳಲ್ಲಿ ಮೇಲಿನ ಒಂದೆರಡು ಸಾಲು ಕಾಣಿಸಿ ಕೆಳಗೆ ಬರಿಯ ಬೂದು ಬಣ್ಣ. ಆ ಒಂಬತ್ತರಲ್ಲಿ ಮೂರನ್ನು ನಾವು ಮೊದಲೇ ಬೆರಳಚ್ಚು ಮಾಡಿದ್ದೆವು. ಆರು ಓಲೆಗಳ ಪಾಠ ಹೋಯಿತು.

ಓಲೆಯ ಮನೆಯವರಿಗೆ ಇದನ್ನು ಹೇಗೆ ತಿಳಿಸುವುದೆಂದು ಅಳುಕುತ್ತಲೇ ಹೋಗಿದ್ದೆವು. ಆ ಮನೆಯ ಹಿರಿಯ ತಾಯಿಯವರು ಎಲ್ಲವನ್ನೂ ಕೇಳಿಸಿಕೊಂಡು, ಪ್ರವಾಹದ ಹಿಂದಿನ ವರುಷ ತಮ್ಮ ತಂಗಿಯ ಮಗ ಪೂಜೆಗೆ ಬಂದಾಗ ಕಟ್ಟು ಬಿಚ್ಚಿಸಿ ಕೆಲವು ಓಲೆಗಳ ಫೋಟೋ ಹಿಡಿದುಕೊಂಡಿದ್ದನೆಂದು ನೆನಪಿಸಿಕೊಂಡರು. ವಿಚಾರಿಸಿದೆವು. ಆ ಫೋನು ಅವನ ಮನೆಯ ಟ್ರಂಕಿನಲ್ಲಿ ಬಿದ್ದಿದೆ, ಚಾಲೂ ಆಗುತ್ತಿಲ್ಲವಂತೆ. ಬರುವ ರವಿವಾರ ತಮ್ಮನಿಗೆ ರಜೆ, ಹೋಗಿ ತರುವನಿದ್ದಾನೆ.